ಡಿಸ್ಕಿನಿಂದ ಗಣಕಯಂತ್ರ ಆರಂಭವಾಗದಿದ್ದಾಗ: ಕಾರಣಗಳು ಮತ್ತು ಪರಿಹಾರಗಳು

ಸಾಂಗಲಿ ಜಿಲ್ಲೆಯ ನಮ್ಮ ಜತ್ತ ತಾಲೂಕು ಗಡಿನಾಡ ಕನ್ನಡದ ಒಂದು ಮುಖ್ಯ ನೆಲೆ. ಸಂಖ, ಉಮದಿ, ಗುಡ್ಡಾಪುರ, ಬಿಳೂರ ಮುಂತಾದ ಊರುಗಳಲ್ಲಿ ಕನ್ನಡವು ಮನೆಯ ಮಾತೂ ಹೌದು, ಶಾಲೆಯ ಮಾತೂ ಹೌದು. ಇಲ್ಲಿನ ಕನ್ನಡ ಬರವಣಿಗೆಯ ಒಂದು ಭಾಗ ಇಂದು ಹಳೆಯ ಗಣಕಯಂತ್ರಗಳಲ್ಲಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿರುವುದರಿಂದ, ಅಂತಹ ಯಂತ್ರಗಳಿಗೆ ಹೊಸ ಕಾರ್ಯಾಚರಣ ವ್ಯವಸ್ಥೆಯನ್ನು ಅಳವಡಿಸುವ ಪ್ರಸಂಗ ಹಲವರಿಗೆ ಒದಗುತ್ತಿದೆ. ಆಗ ಎದುರಾಗುವ ಮೊದಲ ತೊಡಕೆಂದರೆ, ಡಿಸ್ಕ್ ಹಾಕಿದರೂ ಯಂತ್ರವು ಅದನ್ನು ಗಮನಿಸದೆ ಹಳೆಯ ವ್ಯವಸ್ಥೆಯನ್ನೇ ತೆರೆಯುವುದು, ಇಲ್ಲವೇ ಕಪ್ಪು ಪರದೆಯಲ್ಲಿ ನಿಂತುಬಿಡುವುದು. ಯಂತ್ರ ಕೆಟ್ಟಿತೆಂದು ಇದರಿಂದಲೇ ತೀರ್ಮಾನಿಸಬೇಕಾಗಿಲ್ಲ.

ಗುಂಡಿ ಒತ್ತಿದ ಕೂಡಲೇ ಎಚ್ಚರಗೊಳ್ಳುವುದು ಮದರ್‌ಬೋರ್ಡಿನ ಚಿಪ್ಪಿನಲ್ಲಿರುವ ಒಂದು ಚಿಕ್ಕ ತಂತ್ರಾಂಶ. ಹಳೆಯ ಯಂತ್ರಗಳಲ್ಲಿ ಅದಕ್ಕೆ ಬಯಾಸ್ ಎಂದೂ ಹೊಸ ಯಂತ್ರಗಳಲ್ಲಿ ಯು.ಇ.ಎಫ್.ಐ. ಎಂದೂ ಹೆಸರು. ಅದು ಸ್ಮೃತಿ, ಕೀಲಿಮಣೆ ಮೊದಲಾದವುಗಳನ್ನು ಪರೀಕ್ಷಿಸಿ, ತನ್ನಲ್ಲಿರುವ ಪಟ್ಟಿಯ ಕ್ರಮದಂತೆ ಹಾರ್ಡ್ ಡಿಸ್ಕ್, ಡಿ.ವಿ.ಡಿ., ಪೆನ್‌ಡ್ರೈವ್‌ಗಳಲ್ಲಿ ಆರಂಭಿಕ ಸಂಕೇತವನ್ನು ಹುಡುಕುತ್ತದೆ. ಮೊದಲು ಎಲ್ಲಿ ದೊರೆಯುತ್ತದೆಯೋ ಅಲ್ಲಿಂದ ಯಂತ್ರ ಚಾಲನೆಗೊಳ್ಳುತ್ತದೆ. ಸಿ.ಡಿ.ಯಿಂದ ಹೀಗೆ ಆರಂಭವಾಗುವ ಕ್ರಮವನ್ನು ಫೀನಿಕ್ಸ್ ಮತ್ತು ಐ.ಬಿ.ಎಂ. ಸಂಸ್ಥೆಗಳು 1995ರಲ್ಲಿ 'ಎಲ್ ಟೊರಿಟೊ' ಎಂಬ ಹೆಸರಿನಿಂದ ನಿಗದಿಪಡಿಸಿದವು. ಆದ್ದರಿಂದ ದೋಷವು ಮೂರು ಕಡೆ ಇರಬಹುದು: ಡಿಸ್ಕಿನಲ್ಲಿ, ಹುಡುಕುವ ಕ್ರಮದಲ್ಲಿ, ಇಲ್ಲವೇ ಡಿಸ್ಕನ್ನು ಓದುವ ಉಪಕರಣದಲ್ಲಿ.

ಮೊದಲು ಡಿಸ್ಕನ್ನು ಪರೀಕ್ಷಿಸಬೇಕು. ಅದನ್ನು ಬೇರೊಂದು ಗಣಕಯಂತ್ರಕ್ಕೆ ಹಾಕಿ ನೋಡುವುದು ಅತ್ಯಂತ ಸುಲಭ ಉಪಾಯ. ಅಲ್ಲಿ ಅದರಿಂದ ಯಂತ್ರ ಆರಂಭವಾದರೆ ಡಿಸ್ಕ್ ಸರಿಯಿದೆ ಎಂದರ್ಥ. ಆಗದಿದ್ದರೆ ಅದರೊಳಗೇನಿದೆಯೆಂದು ತೆರೆದು ನೋಡಬೇಕು. ಐ.ಎಸ್.ಓ. ಎಂಬ ಒಂದೇ ಕಡತ ಕಾಣಿಸಿದರೆ, ಬರೆಯುವಾಗ ಅದನ್ನು ಸಾಮಾನ್ಯ ಕಡತದಂತೆ ನಕಲು ಮಾಡಲಾಗಿದೆ. ಅದನ್ನು 'ಇಮೇಜ್' ಆಗಿ ಬರೆದಾಗ ಮಾತ್ರ ಆರಂಭಿಕ ಸಂಕೇತವು ತನ್ನ ಸ್ಥಾನದಲ್ಲಿ ನೆಲೆಗೊಂಡು, ಅನೇಕ ಫೋಲ್ಡರುಗಳು ಕಾಣಿಸುತ್ತವೆ. ಅಳತೆಯನ್ನೂ ಗಮನಿಸಬೇಕು: ಸಿ.ಡಿ.ಯ ಧಾರಣಶಕ್ತಿ ಸುಮಾರು 700 ಎಂ.ಬಿ., ಒಂದು ಪದರದ ಡಿ.ವಿ.ಡಿ.ಯದು 4.7 ಜಿ.ಬಿ. ಇಂದಿನ ವಿಂಡೋಸ್ ಕಡತಗಳು ಇದನ್ನು ಮೀರುವುದುಂಟು.

ಡಿಸ್ಕ್ ಸರಿಯಿದ್ದರೆ ಹುಡುಕುವ ಕ್ರಮವನ್ನು ನೋಡಬೇಕು. ಯಂತ್ರವನ್ನು ಚಾಲೂ ಮಾಡಿದ ತಕ್ಷಣ ಡೆಲ್ ಮತ್ತು ಲೆನೊವೊ ಯಂತ್ರಗಳಲ್ಲಿ ಸಾಮಾನ್ಯವಾಗಿ ಎಫ್12, ಎಚ್.ಪಿ.ಯಲ್ಲಿ ಎಫ್9 ಕೀಲಿಯನ್ನು ಮೇಲಿಂದ ಮೇಲೆ ಒತ್ತಿದರೆ ಬೂಟ್ ಮೆನು ತೆರೆಯುತ್ತದೆ, ಅಲ್ಲಿ ಡಿ.ವಿ.ಡಿ.ಯನ್ನು ಆರಿಸಬಹುದು. ಆನಂತರ, ಯಾವುದಾದರೊಂದು ಕೀಲಿಯನ್ನು ಒತ್ತುವಂತೆ ಸೂಚಿಸುವ ಇಂಗ್ಲಿಷ್ ಸಾಲು ಕೆಲವೇ ಕ್ಷಣ ಕಾಣಿಸುತ್ತದೆ. ಆ ಅವಧಿಯಲ್ಲಿ ಕೀಲಿ ಒತ್ತದಿದ್ದರೆ ಯಂತ್ರವು ಹಾರ್ಡ್ ಡಿಸ್ಕಿಗೇ ಮರಳುತ್ತದೆ. ಹಳೆಯ ಡಿಸ್ಕುಗಳಿಗೆ ಯು.ಇ.ಎಫ್.ಐ.ಯ 'ಸೆಕ್ಯೂರ್ ಬೂಟ್' ಅಡ್ಡಿಯಾಗುವುದುಂಟು. ಆಗ ಅದನ್ನು ತಾತ್ಕಾಲಿಕವಾಗಿ ನಿಲ್ಲಿಸಿ 'ಲೆಗಸಿ' ಕ್ರಮವನ್ನು ಆರಿಸಿ ನೋಡಬಹುದು. ಪ್ರತಿ ಸಲವೂ ದಿನಾಂಕ ಹಿಂದಕ್ಕೆ ಹೋಗಿ ಆಯ್ಕೆಗಳು ಅಳಿಯುತ್ತಿದ್ದರೆ ಮದರ್‌ಬೋರ್ಡಿನ ಸಿ.ಆರ್. 2032 ಎಂಬ 3 ವೋಲ್ಟಿನ ಬಿಲ್ಲೆ ಬ್ಯಾಟರಿಯನ್ನು ಬದಲಿಸಬೇಕು.

ಉಳಿದದ್ದು ಡ್ರೈವಿನ ದೋಷ. ಮಳೆ ಕಡಿಮೆಯಾದ ನಮ್ಮ ಸೀಮೆಯಲ್ಲಿ ಧೂಳು ಹೆಚ್ಚು. ಅದು ಡ್ರೈವಿನ ಮಸೂರದ ಮೇಲೆ ಕುಳಿತರೆ ಡಿಸ್ಕ್ ತಿರುಗಿದರೂ ಓದಲಾಗದು. ವಿದ್ಯುತ್ ಸಂಪರ್ಕವನ್ನು ತೆಗೆದು, ಒಳಗಿನ ಕೇಬಲ್ಲನ್ನು ಬಿಚ್ಚಿ ಮತ್ತೆ ಗಟ್ಟಿಯಾಗಿ ಜೋಡಿಸಿ ನೋಡಬೇಕು. ತೀರ ಹಳೆಯ ಡ್ರೈವುಗಳು ಸಿ.ಡಿ.ಯನ್ನಷ್ಟೇ ಓದುತ್ತವೆ, ಡಿ.ವಿ.ಡಿ.ಯನ್ನಲ್ಲ. ಡ್ರೈವ್ ಕೆಲಸಕ್ಕೆ ಬಾರದಾಗಿದ್ದರೆ ರೂಫಸ್‌ನಂತಹ ತಂತ್ರಾಂಶದಿಂದ ಅದೇ ಐ.ಎಸ್.ಓ. ಕಡತವನ್ನು ಪೆನ್‌ಡ್ರೈವಿಗೆ ಬರೆದುಕೊಳ್ಳಬಹುದು. ಆಗ ಪೆನ್‌ಡ್ರೈವಿನಲ್ಲಿದ್ದುದೆಲ್ಲ ಅಳಿಯುತ್ತದೆ ಎಂಬುದು ನೆನಪಿರಲಿ.

ಆದರೆ ಡಿಸ್ಕಿನಿಂದ ಯಂತ್ರ ಆರಂಭವಾದೊಡನೆ ಅವಸರದಿಂದ 'ಫಾರ್ಮ್ಯಾಟ್' ಒತ್ತುವುದು ಸಲ್ಲದು. ಕನ್ನಡ ವಿಭಾಗದವರಾದ ನಾವು ಹೆಚ್ಚು ಎಚ್ಚರ ವಹಿಸಬೇಕಾದುದು ಇಲ್ಲಿಯೇ. ಊರೂರು ತಿರುಗಿ ಸಂಗ್ರಹಿಸಿದ ಹಂತಿಯ ಪದಗಳು, ಡೊಳ್ಳಿನ ಹಾಡುಗಳು, ಸಂಪ್ರಬಂಧಗಳು ಆ ಹಾರ್ಡ್ ಡಿಸ್ಕಿನಲ್ಲಿರಬಹುದು. ಹಳೆಯ ವ್ಯವಸ್ಥೆ ತೆರೆಯುತ್ತಿದ್ದರೆ ಮೊದಲು ಕಡತಗಳನ್ನು ಬೇರೆಡೆ ನಕಲು ಮಾಡಿಕೊಳ್ಳಬೇಕು. ತೆರೆಯದಿದ್ದರೆ, ಅನುಸ್ಥಾಪಿಸದೆಯೇ ನಡೆಯುವ ಲಿನಕ್ಸನ್ನು ಪೆನ್‌ಡ್ರೈವಿನಿಂದ ಚಾಲೂ ಮಾಡಿ, ಅಥವಾ ಹಾರ್ಡ್ ಡಿಸ್ಕನ್ನೇ ತೆಗೆದು ಇನ್ನೊಂದು ಯಂತ್ರಕ್ಕೆ ಜೋಡಿಸಿ ಕಡತಗಳನ್ನು ಪಡೆಯಬಹುದು.

ಕಡತಗಳೊಡನೆ ಅಕ್ಷರಶೈಲಿಗಳನ್ನೂ ಉಳಿಸಿಕೊಳ್ಳುವುದು ಅವಶ್ಯ. ನುಡಿ ಮತ್ತು ಬರಹದ ಹಳೆಯ ಆವೃತ್ತಿಗಳಲ್ಲಿ ಟಂಕಿಸಿದ ಪಠ್ಯವು ಒಳಗೆ ರೋಮನ್ ಅಕ್ಷರಗಳ ಸಂಕೇತಗಳಲ್ಲಿರುತ್ತದೆ. ಆಯಾ ಅಕ್ಷರಶೈಲಿ ಇದ್ದಾಗ ಮಾತ್ರ ಅದು ಕನ್ನಡವಾಗಿ ಕಾಣುತ್ತದೆ, ಇಲ್ಲವಾದರೆ ಅರ್ಥವಿಲ್ಲದ ಚಿಹ್ನೆಗಳ ಸಾಲಾಗುತ್ತದೆ. ಹೊಸ ವ್ಯವಸ್ಥೆ ನೆಲೆಗೊಂಡ ಮೇಲೆ ನುಡಿ ಅಥವಾ ಬರಹದ ಪರಿವರ್ತಕದಿಂದ ಅಂತಹ ಪಠ್ಯವನ್ನು ಯೂನಿಕೋಡಿಗೆ ಬದಲಿಸಿ, ಕಾಗುಣಿತ ಮತ್ತು ಒತ್ತಕ್ಷರಗಳನ್ನು ಒಮ್ಮೆ ಓದಿ ತಿದ್ದಿಕೊಂಡರೆ, ಮುಂದೆ ಯಾವ ಯಂತ್ರದಲ್ಲಿಯೂ ಅದನ್ನು ಓದಬಹುದು.