ಕುದುರೆ ನಡೆದ ದಾರಿಯಲ್ಲಿ ಉಮ್ಮನ ಜತೆ

ಲಂಡನ್‌ಗೆ ಹೋದ ನಾಲ್ಕನೇ ದಿನಕ್ಕೇ ಉಮ್ಮ "ನನ್ನನ್ನು ಊರಿಗೆ ಕಳಿಸಿಬಿಡಿ" ಅಂತ ಶುರು ಮಾಡಿದರು. ತಮ್ಮ ಅಲ್ಲಿ ಕೆಲಸಕ್ಕೆ ಸೇರಿ ಐದು ವರ್ಷ. ಮಕ್ಕಳ ರಜೆ ನೋಡಿಕೊಂಡು ಉಮ್ಮನನ್ನೂ ಕರೆದುಕೊಂಡು ನಾವೆಲ್ಲ ಹೋಗಿದ್ದೆವು. ಮೊಣಕಾಲು ನೋವು ಶುರುವಾದ ಮೇಲೆ ಊರಿನಲ್ಲೇ ಅವರು ಗೇಟು ದಾಟುವುದು ಆಸ್ಪತ್ರೆಗೆ ಮತ್ತು ಮದುವೆಗೆ ಮಾತ್ರ. ಇಲ್ಲಿ ನೆಲದಡಿಯ ರೈಲಿನ ಮೆಟ್ಟಿಲು ನೋಡಿಯೇ ಧೈರ್ಯ ಹೋಗಿತ್ತು. ದಿನವಿಡೀ ಕಿಟಕಿಯ ಪಕ್ಕ ಕುರ್ಚಿ ಹಾಕಿ ಕೂತಿರುವುದು. ಅದಕ್ಕೆ ಇಷ್ಟು ದೂರ ಬರಬೇಕಿತ್ತಾ ಅಂತ ನಮಗೂ ಬೇಜಾರು.

ಆಗ ತಮ್ಮ ಹೇಳಿದ್ದು ರೀಜೆಂಟ್ಸ್ ಕಾಲುವೆಯ ವಿಷಯ. "ಅಲ್ಲಿ ಏರು ತಗ್ಗು ಇಲ್ಲ. ಉಮ್ಮನಿಗೆ ಆಗುತ್ತದೆ" ಅಂದ.

ರೈಲು, ಲಾರಿ ಇಲ್ಲದ ಕಾಲದಲ್ಲಿ ಲಂಡನ್‌ಗೆ ಸಾಮಾನು ಬರುತ್ತಿದ್ದುದು ಇಂಥ ಕಾಲುವೆಗಳಲ್ಲಿ. ಈ ಕಾಲುವೆ ಪೂರ್ತಿಯಾಗಿ ತೆರೆದದ್ದು 1820ರಲ್ಲಿ. ಉದ್ದ ಸುಮಾರು 14 ಕಿಲೋಮೀಟರ್. ಒಂದು ತುದಿ ಪ್ಯಾಡಿಂಗ್ಟನ್ ಬಳಿ, ಇನ್ನೊಂದು ತುದಿ ಥೇಮ್ಸ್ ನದಿಯ ಲೈಮ್‌ಹೌಸ್‌ನಲ್ಲಿ. ದೋಣಿಗೆ ಎಂಜಿನ್ ಇಲ್ಲ, ದಂಡೆಯ ಮೇಲೆ ಕುದುರೆ ನಡೆಯುತ್ತದೆ, ಹಗ್ಗ ಕಟ್ಟಿ ದೋಣಿ ಎಳೆಯುತ್ತದೆ. ಆ ಕುದುರೆಗಾಗಿ ಮಾಡಿದ ದಾರಿಗೆ ಟೋಪಾಥ್ ಎನ್ನುತ್ತಾರೆ. ರಸ್ತೆಯಲ್ಲಿ ಒಂದೆರಡು ಟನ್ ಎಳೆಯಲು ಒದ್ದಾಡುವ ಕುದುರೆ ನೀರಿನ ಮೇಲೆ 25-30 ಟನ್ ಎಳೆಯುತ್ತಿತ್ತು. ಈಗ ಕುದುರೆಗಳಿಲ್ಲ, ಜನ ನಡೆಯುತ್ತಾರೆ. ಟಿಕೆಟ್ ಇಲ್ಲ.

ದಾರಿ ಸಪಾಟಾಗಿರುವುದಕ್ಕೆ ಕಾರಣ ಸರಳ: ನೀರು ಏರು ಹತ್ತುವುದಿಲ್ಲ. ಜಾಗ ತಗ್ಗಾದಲ್ಲಿ ಎರಡೂ ಕಡೆ ಗೇಟು ಇಟ್ಟು, ನೀರು ತುಂಬಿಸಿ ಅಥವಾ ಖಾಲಿ ಮಾಡಿ ದೋಣಿಯನ್ನು ಏರಿಸಿ ಇಳಿಸುತ್ತಾರೆ. ಅದಕ್ಕೆ ಲಾಕ್ ಅಂತ ಹೆಸರು. ಈ ಕಾಲುವೆಯಲ್ಲಿ ಹನ್ನೆರಡು ಕಡೆ ಲಾಕ್ ಉಂಟು. ಆದರೆ ಪಶ್ಚಿಮದ ಲಿಟ್ಲ್ ವೆನಿಸ್‌ನಿಂದ ಕ್ಯಾಮ್ಡೆನ್‌ವರೆಗಿನ ನಾಲ್ಕು ಕಿಲೋಮೀಟರಿನಲ್ಲಿ ಒಂದೂ ಇಲ್ಲ. ಮೊಣಕಾಲು ನೋವಿನವರಿಗೆ ಇದಕ್ಕಿಂತ ಒಳ್ಳೆಯ ದಾರಿ ಯಾವುದುಂಟು?

ಬೆಳಗ್ಗೆ ಪತ್ತಿರಿ ಕಟ್ಟಿಕೊಂಡು, ಫ್ಲಾಸ್ಕ್‌ನಲ್ಲಿ ಚಾ ತುಂಬಿಕೊಂಡು ಕ್ಯಾಮ್ಡೆನ್‌ನಲ್ಲಿ ಟ್ಯಾಕ್ಸಿ ಇಳಿದೆವು. ಲಾಕ್‌ನ ಸುತ್ತ ಜನವೋ ಜನ. ಪಶ್ಚಿಮಕ್ಕೆ ತಿರುಗಿ ಎರಡು ಸೇತುವೆ ದಾಟುವಾಗ ಸದ್ದೆಲ್ಲ ಹಿಂದೆ ಉಳಿಯಿತು. ಒಂದೆರಡು ಕಡೆ ಸಣ್ಣ ದಿಬ್ಬ ಬಿಟ್ಟರೆ ಮತ್ತೆಲ್ಲ ಸಮ. ದಾರಿ ಅಗಲವಿಲ್ಲ, ನೀರಿನ ಕಡೆ ಹೆಚ್ಚಿನ ಭಾಗದಲ್ಲಿ ಕಂಬಿಯೂ ಇಲ್ಲ. ಸಣ್ಣ ಮಕ್ಕಳ ಕೈ ಬಿಡಬಾರದು. ಸೈಕಲ್‌ನವರು ಹಿಂದಿನಿಂದ ಬೆಲ್ ಹೊಡೆಯುತ್ತಾ ಬರುತ್ತಾರೆ. ನಡೆಯುವವರಿಗೆ ಮೊದಲ ಹಕ್ಕು ಎಂಬುದು ಅಲ್ಲಿನ ನಿಯಮ, ಎಲ್ಲರೂ ಪಾಲಿಸುತ್ತಾರೆ ಅಂತೇನೂ ಇಲ್ಲ.

ಒಂದು ಕಡೆ ದಂಡೆಯಿಂದ ನೀರಿನೊಳಗೆ ಇಳಿಜಾರು ಮಾಡಿದ್ದರು. ಪಕ್ಕದ ರೈಲಿನ ಸದ್ದಿಗೆ ಬೆದರಿ ಕುದುರೆ ನೀರಿಗೆ ಬಿದ್ದರೆ ಹತ್ತಿ ಬರಲಿಕ್ಕೆ ಅಂತೆ. ಮಕ್ಕಳು ಅಲ್ಲೇ ನಿಂತು, ಯಾರು ಕುದುರೆ, ಯಾರು ಬೀಳಬೇಕು ಅಂತ ಜಗಳ ಮಾಡಿಕೊಂಡರು.

ಕೆಂಪು ಬಣ್ಣದ ತೇಲುವ ಚೀನೀ ಹೋಟೆಲ್ ಬಳಿ ಕಾಲುವೆ ಬಲಕ್ಕೆ ತಿರುಗಿ ಲಂಡನ್ ಮೃಗಾಲಯದ ನಡುವೆ ಹೋಗುತ್ತದೆ. 1960ರ ದಶಕದಲ್ಲಿ ಹಕ್ಕಿಗಳಿಗೆ ಕಟ್ಟಿದ ದೊಡ್ಡ ಬಲೆಯ ಮನೆಯಲ್ಲಿ ಈಗ ಕಪ್ಪು-ಬಿಳಿ ಕೊಲೊಬಸ್ ಮಂಗಗಳಿವೆ. ದಾರಿಯಿಂದಲೇ ಕಾಣುತ್ತದೆ ಅಂತ ಮಕ್ಕಳಿಗೆ ಖುಷಿಯೋ ಖುಷಿ. ಉಮ್ಮ ಮಾತ್ರ, "ಮಂಗ ನೋಡಲಿಕ್ಕೆ ಲಂಡನ್‌ಗೆ ಬರಬೇಕಾ ಮೋನೇ? ನಮ್ಮ ತೆಂಗಿನ ಮರದಲ್ಲಿ ಇಲ್ವಾ?" ಅಂದರು. ನಾಲ್ಕು ದಿನದಲ್ಲಿ ಮೊದಲ ಸಲ ಅವರು ತಮಾಷೆ ಮಾಡಿದ್ದು.

ಇಲ್ಲಿಂದ ಅವರನ್ನು ವಾಪಸ್ ಕರೆದುಕೊಂಡು ಹೋಗುವುದು ಎಂದಿತ್ತು. "ಕೂತರೆ ಮತ್ತೆ ಏಳಲಿಕ್ಕೆ ಕಷ್ಟ, ನಡೆಯುವ" ಅಂದದ್ದು ಅವರೇ.

ಮುಂದೆ ಮ್ಯಾಕಲ್ಸ್‌ಫೀಲ್ಡ್ ಸೇತುವೆ. ಅಲ್ಲಿನವರು ಸ್ಫೋಟದ ಸೇತುವೆ ಅಂತಲೇ ಕರೆಯುತ್ತಾರೆ. 1874ರ ಅಕ್ಟೋಬರ್ 2ರ ನಸುಕಿನಲ್ಲಿ ಟಿಲ್‌ಬರಿ ಎಂಬ ದೋಣಿ ಇದರ ಅಡಿಯಲ್ಲಿ ಹೋಗುತ್ತಿತ್ತು. ಸಕ್ಕರೆಯ ಜತೆಗೆ ಪೆಟ್ರೋಲಿಯಂ, ಸುಮಾರು ಐದು ಟನ್ ಕೋವಿಮದ್ದು. ಬೆಂಕಿ ತಗಲಿ ಸೇತುವೆಯೇ ಹಾರಿಹೋಯಿತು, ದೋಣಿಯ ಮೂವರು ಸತ್ತರು. ಸೇತುವೆಯನ್ನು ಮತ್ತೆ ಕಟ್ಟುವಾಗ ಹಳೆಯ ಕಬ್ಬಿಣದ ಕಂಬಗಳನ್ನೇ ನಿಲ್ಲಿಸಿದರು, ಆದರೆ ತಿರುಗಿಸಿ. ಹಗ್ಗ ಉಜ್ಜಿ ಉಜ್ಜಿ ಕಂಬದಲ್ಲಿ ಗೀರು ಬಿದ್ದಿತ್ತು. ತಿರುಗಿಸಿದ ಮೇಲೆ ಇನ್ನೊಂದು ಬದಿಯಲ್ಲೂ ಹೊಸದಾಗಿ ಗೀರು ಬಿತ್ತು. ಹಾಗಾಗಿ ಈಗ ಎರಡೂ ಕಡೆ ಉಂಟು.

ಉಮ್ಮ ಕಂಬದ ಹತ್ತಿರ ಹೋಗಿ ಗೀರಿನೊಳಗೆ ಬೆರಳಿಟ್ಟರು. ತುಂಬಾ ಹೊತ್ತು ಏನೂ ಹೇಳಲಿಲ್ಲ. ಆಮೇಲೆ, "ನಮ್ಮ ಬಾವಿಕಟ್ಟೆಯ ಕಲ್ಲಿನಲ್ಲೂ ಹೀಗೇ ಇತ್ತು. ಇದು ಕಬ್ಬಿಣ. ಎಷ್ಟು ಜನ ಎಳೆದಿರಬೇಕು" ಅಂದರು. ಅವರ ಬಾಪ ಮಂಗಳೂರಿನ ಬಂದರಿನಲ್ಲಿ ಮಂಜಿಗೆ ಹಂಚು ತುಂಬಿಸುವ ಕೆಲಸ ಮಾಡಿದವರು. ಅಂಗೈ ಮರದ ಹಲಗೆಯ ಹಾಗಿತ್ತಂತೆ. ಕೈ ಹಿಡಿದರೆ ತರಚುತ್ತದೆ ಅಂತ ಸಣ್ಣವರಿರುವಾಗ ಉಮ್ಮ ಅವರ ಕೈ ಹಿಡಿಯುತ್ತಿರಲಿಲ್ಲವಂತೆ. ಈ ಮಾತು ನಾವು ಕೇಳಿದ್ದು ಅದೇ ಮೊದಲು.

ಅಲ್ಲಿಂದ ಮೇಲೆ ಬಂದು, ಉದ್ಯಾನದ ಬೆಂಚಿನಲ್ಲಿ ಚಾ ಕುಡಿದು, ಸೆಂಟ್ರಲ್ ಮಸೀದಿಗೆ ಹೋದೆವು. 1977ರಲ್ಲಿ ಪೂರ್ಣಗೊಂಡ ಮಸೀದಿ, ಚಿನ್ನದ ಬಣ್ಣದ ಗುಮ್ಮಟ ದೂರಕ್ಕೇ ಕಾಣುತ್ತದೆ. ಉಮ್ಮ ಕುರ್ಚಿಯಲ್ಲಿ ಕೂತು ಲುಹರ್ ನಮಾಜ್ ಮಾಡಿದರು. ತಮ್ಮ ಮಕ್ಕಳನ್ನು ಕರೆದುಕೊಂಡು ಲಿಟ್ಲ್ ವೆನಿಸ್‌ವರೆಗೆ ನಡೆದ. ಆ ಭಾಗದಲ್ಲಿ 249 ಮೀಟರ್ ಉದ್ದದ ಸುರಂಗ ಉಂಟು, ಒಳಗೆ ದಾರಿ ಇಲ್ಲ. ಕುದುರೆಯನ್ನು ಮೇಲಿನಿಂದ ಕಳಿಸಿ, ಆಳುಗಳು ದೋಣಿಯ ಮೇಲೆ ಮಲಗಿ ಗೋಡೆಗೆ ಕಾಲು ಒದ್ದು ಒದ್ದು ದಾಟಿಸುತ್ತಿದ್ದರಂತೆ. ರಾತ್ರಿ ಮಕ್ಕಳು ಹಾಸಿಗೆಯಲ್ಲಿ ಗೋಡೆಗೆ ಕಾಲು ಕೊಟ್ಟು ಅದನ್ನೇ ಆಡಿದರು.

ಹೋಗುವವರಿಗೆ ಒಂದು ಮಾತು: ಕಾಲುವೆಗೆ ಇಳಿಯುವಲ್ಲಿ ಕೆಲವು ಕಡೆ ಮೆಟ್ಟಿಲು, ಕೆಲವು ಕಡೆ ಇಳಿಜಾರು. ವಯಸ್ಸಾದವರು ಜತೆಗಿದ್ದರೆ ಮೊದಲೇ ನೋಡಿಟ್ಟುಕೊಳ್ಳಿ. ಮಳೆ ಬಂದರೆ ಜಾರುತ್ತದೆ.

ಉಮ್ಮ ಮತ್ತೆ ಊರಿನ ಸುದ್ದಿ ಎತ್ತಲಿಲ್ಲ. ಉಳಿದ ಹದಿನೇಳು ದಿನಗಳಲ್ಲಿ ಆರು ಸಲ ಕಾಲುವೆಗೆ ಹೋದೆವು. ಈಗ ಊರಿಗೆ ಬಂದಾಗಿದೆ. ನಮ್ಮ ಗೇಟಿನ ಹೊರಗೆ ಫುಟ್‌ಪಾತ್ ಇಲ್ಲ. ಒಂದು ಕಡೆ ತೆರೆದ ಚರಂಡಿ, ಇನ್ನೊಂದು ಕಡೆ ಹಾರ್ನ್ ಹೊಡೆಯುವ ಬಸ್. ಸುಬಹಿ ನಮಾಜ್ ಆದ ಮೇಲೆ ಉಮ್ಮ ತಾರಸಿಯಲ್ಲಿ ನಡೆಯುತ್ತಾರೆ, ಹದಿನೆಂಟು ಸುತ್ತು. ಅಲ್ಲಿಗೆ ಹತ್ತಲು ಇಪ್ಪತ್ತೆರಡು ಮೆಟ್ಟಿಲು. ಒಬ್ಬರು ಕೈ ಹಿಡಿಯಬೇಕು.