ಬಿಡಿ ಚಿತ್ರಗಳ ಬೆಸುಗೆ

ಬೆಂಗಳೂರಿನ ಇಂದಿರಾನಗರದಲ್ಲಿ ಚಿನ್ಮಯ ಮಿಷನ್ ಆಸ್ಪತ್ರೆ ರಸ್ತೆಯ ಮೇಲೆ ಮೆಟ್ರೋ ರೈಲಿನ ಎತ್ತರದ ಹಾದಿ ಸಾಗಿದೆ. ಅದರ ಕಂಬಗಳ ಸಾಲು, ಹಿಂದಿನ ಅಂಗಡಿಗಳು, ಮರಗಳು, ನಿಲ್ದಾಣ ಇವೆಲ್ಲವನ್ನೂ ಒಂದೇ ಛಾಯಾಚಿತ್ರದಲ್ಲಿ ಹಿಡಿಯುವುದು ಸಾಮಾನ್ಯ ಕ್ಯಾಮೆರಾಕ್ಕೆ ಸಾಧ್ಯವಿಲ್ಲ. ಆದುದರಿಂದ ಒಂದರ ಅಂಚು ಇನ್ನೊಂದರಲ್ಲಿಯೂ ಬರುವಂತೆ ಹಲವು ಚಿತ್ರಗಳನ್ನು ತೆಗೆದು, ತಂತ್ರಾಂಶದ ನೆರವಿನಿಂದ ಅವನ್ನು ಅಖಂಡ ದೃಶ್ಯವನ್ನಾಗಿ ಬೆಸೆಯುತ್ತಾರೆ. ಇಂತಹ ಚಿತ್ರಕ್ಕೆ ಪನೋರಮ ಎಂದು ಹೆಸರು.

ಈ ಹೆಸರು ಛಾಯಾಗ್ರಹಣಕ್ಕಿಂತ ಹಳೆಯದು. 18ನೆಯ ಶತಮಾನದ ಕೊನೆಯಲ್ಲಿ ರಾಬರ್ಟ್ ಬಾರ್ಕರ್ ಎಂಬ ಚಿತ್ರಕಾರನು ನೋಡುಗರನ್ನು ಸುತ್ತುವರಿಯುವ ಚಿತ್ರಗಳನ್ನು ರಚಿಸಿದಾಗ ಅದು ಬಳಕೆಗೆ ಬಂತು. ಟಿಪ್ಪು ಸುಲ್ತಾನನು ಮಡಿದ 1799ರ ಶ್ರೀರಂಗಪಟ್ಟಣದ ಕದನವನ್ನು ರಾಬರ್ಟ್ ಕೆರ್ ಪೋರ್ಟರ್ ಎಂಬವನು ಮರುವರ್ಷವೇ ಲಂಡನ್ನಿನಲ್ಲಿ ನೂರಡಿಗೂ ಮಿಕ್ಕ ಉದ್ದದ ಪನೋರಮದಲ್ಲಿ ತೋರಿಸಿದನು. ಆತನು ಆ ಕದನವನ್ನು ಕಣ್ಣಾರೆ ಕಂಡವನಲ್ಲ!

ಕ್ಯಾಮೆರಾ ಕಂಡದ್ದನ್ನೇ ಹೇಳುತ್ತದೆ. ಆದರೆ ಅದರ ಚಿತ್ರಗಳನ್ನು ಜೋಡಿಸಬೇಕಾದರೆ ಪ್ರತಿಯೊಂದು ಚಿತ್ರದ ಸುಮಾರು ಮೂರನೆಯ ಒಂದು ಪಾಲು ನೆರೆಯ ಚಿತ್ರದಲ್ಲಿಯೂ ಇರಬೇಕು. ಅಂಗಡಿಯ ಫಲಕದ ಮೂಲೆ, ಕಿಟಕಿಯ ಸರಳು ಮುಂತಾದ ಗುರುತುಬಿಂದುಗಳನ್ನು ತಂತ್ರಾಂಶವು ಎರಡೂ ಚಿತ್ರಗಳಲ್ಲಿ ಹುಡುಕುತ್ತದೆ. ಚಿತ್ರವು ಓರೆಯಾದರೂ ಹಿಗ್ಗಿ ಕುಗ್ಗಿದರೂ ಇವುಗಳನ್ನು ಗುರುತು ಹಿಡಿಯುವ ವಿಧಾನವನ್ನು ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾನಿಲಯದ ಡೇವಿಡ್ ಲೋ ಅವರು 1999ರಲ್ಲಿ ಪ್ರಕಟಿಸಿದರು. 2003ರಲ್ಲಿ ಅವರೂ ಮ್ಯಾಥ್ಯೂ ಬ್ರೌನ್ ಅವರೂ ಕೂಡಿ, ಕಲಸಿಹೋದ ಚಿತ್ರರಾಶಿಯಲ್ಲಿ ಯಾವುದರ ನೆರೆ ಯಾವುದೆಂದು ಯಂತ್ರವೇ ಕಂಡುಕೊಳ್ಳುವ ಕ್ರಮವನ್ನು ತೋರಿಸಿಕೊಟ್ಟರು. ಒಂದು ಕಿಟಕಿ ಮತ್ತೊಂದರಂತೆಯೇ ಇರುವುದರಿಂದ ತಪ್ಪು ಜೋಡಿಗಳೂ ಸಿಕ್ಕುತ್ತವೆ. ಹೆಚ್ಚಿನ ಬಿಂದುಗಳು ಒಪ್ಪುವ ಹೊಂದಾಣಿಕೆಯನ್ನು ಉಳಿಸಿಕೊಂಡು ಮಿಕ್ಕವನ್ನು ತಂತ್ರಾಂಶವು ತಳ್ಳಿಹಾಕುತ್ತದೆ. ಬಳಿಕ ಚಿತ್ರಗಳನ್ನು ಗೋಳದ ಒಳಮೈಗೆ ಅಂಟಿಸಿದಂತೆ ಬಾಗಿಸಿ, ಬೆಸುಗೆಯ ಗೆರೆ ಕಾಣದಂತೆ ಬೆಳಕನ್ನೂ ಬಣ್ಣವನ್ನೂ ಸರಿತೂಗಿಸುತ್ತದೆ.

ಇಷ್ಟಾದರೂ ತೊಡಕು ತಪ್ಪದು. ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು ಒಂದೊಂದೇ ಕಣ್ಣನ್ನು ಮುಚ್ಚಿ ನೋಡಿದರೆ, ಹಿಂದಿನ ಗೋಡೆಯ ಮೇಲೆ ಬೆರಳು ಅತ್ತಿತ್ತ ಜಿಗಿದಂತೆ ತೋರುತ್ತದೆ. ಹಾಗೆಯೇ ಚಿತ್ರ ತೆಗೆಯುವವನು ಎರಡು ಹೆಜ್ಜೆ ಸರಿದರೆ ಹತ್ತಿರದ ಮೆಟ್ರೋ ಕಂಬವು ಹಿಂದಿನ ಅಂಗಡಿಯ ಮುಂದೆ ಜಾಗ ಬದಲಿಸುತ್ತದೆ. ಅಂಗಡಿಯನ್ನು ಸರಿಯಾಗಿ ಜೋಡಿಸಿದರೆ ಕಂಬ ತುಂಡಾಗುತ್ತದೆ; ಕಂಬವನ್ನು ಜೋಡಿಸಿದರೆ ಅಂಗಡಿ ಮುರಿಯುತ್ತದೆ. ಕ್ಯಾಮೆರಾವನ್ನು ಅದರ ಮಸೂರದೊಳಗಿನ ಒಂದು ಬಿಂದುವಿನ ಸುತ್ತಲೇ ತಿರುಗಿಸಬೇಕೆನ್ನುವುದು ಇದರಿಂದಲೇ. ಇನ್ನು ಚಲಿಸುವ ಜನರ ಪಾಡು ವಿಚಿತ್ರವಾದುದು. ಮೊದಲ ಚಿತ್ರದಲ್ಲಿ ಎಡಕ್ಕಿದ್ದ ದಾರಿಹೋಕನು ಮುಂದಿನ ಚಿತ್ರದ ವೇಳೆಗೆ ಬಲಕ್ಕೆ ನಡೆದಿದ್ದರೆ ಆತನು ಒಂದೇ ಬೀದಿಯಲ್ಲಿ ಇಬ್ಬರಾಗುತ್ತಾನೆ; ಬೆಸುಗೆಯ ಗೆರೆಗೆ ಸಿಕ್ಕಿದರೆ ಅರ್ಧದೇಹದವನಾಗುತ್ತಾನೆ. ಯಾವ ಕ್ಷಣದಲ್ಲಿಯೂ ಇಲ್ಲದಿದ್ದ ಬೀದಿಯನ್ನು ಪನೋರಮ ತೋರಿಸಬಲ್ಲದು.

ಇದೇ ವಿದ್ಯೆಯಿಂದ ಊರುಗಳ ಬೀದಿಗಳನ್ನು ತೋರಿಸುವ ಗೂಗಲ್ ಸಂಸ್ಥೆಯ ‘ಸ್ಟ್ರೀಟ್ ವ್ಯೂ’ ಕಾರುಗಳು 2011ರ ಮೇ ತಿಂಗಳಲ್ಲಿ ಬೆಂಗಳೂರಿಗೆ ಬಂದವು. ಸುತ್ತಲೂ ಕಣ್ಣುಗಳುಳ್ಳ ಕ್ಯಾಮೆರಾ ಕಾರಿನ ನೆತ್ತಿಯ ಮೇಲಿತ್ತು. ಮುಂದಿನ ತಿಂಗಳೇ ಪೊಲೀಸರ ಸೂಚನೆಯಂತೆ ಕೆಲಸ ನಿಂತಿತು. 2022ರ ಜುಲೈನಲ್ಲಿ ಬೆಂಗಳೂರೂ ಸೇರಿದಂತೆ ಹತ್ತು ನಗರಗಳಲ್ಲಿ ಅದು ಮತ್ತೆ ಆರಂಭವಾಯಿತು. ಚಿತ್ರ ತೆಗೆದವು ಭಾರತೀಯ ಸಂಸ್ಥೆಗಳೇ. ಅನುಮತಿ ಕೇಳದೆ ಸೆರೆಹಿಡಿದ ಮುಖಗಳನ್ನೂ ವಾಹನಗಳ ಸಂಖ್ಯಾಫಲಕಗಳನ್ನೂ ಯಂತ್ರವೇ ಗುರುತಿಸಿ ಮಸುಕುಗೊಳಿಸುತ್ತದೆ. ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಹಸುವೊಂದರ ಮುಖವನ್ನೂ ಅದು ಮಸುಕುಗೊಳಿಸಿದ್ದು 2016ರಲ್ಲಿ ಸುದ್ದಿಯಾಗಿತ್ತು. ತಮ್ಮ ಮನೆ ಕಾಣುವುದು ಬೇಡವೆಂದು ಯಾರಾದರೂ ಕೇಳಿಕೊಂಡರೆ ಅದನ್ನೂ ಮಸುಕುಗೊಳಿಸುವ ಏರ್ಪಾಡಿದೆ.