ಠಾಣೆ ಸೇರುವ ಬಂದೂಕಿಗೆ ತುಕ್ಕಿನ ಕಾಟ

ಚುನಾವಣೆ ಘೋಷಣೆಯಾಯಿತೆಂದರೆ, ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ರೈತರಿಗೂ ಬಂದೂಕು ಠೇವಣಿ ಇಡುವ ಸೂಚನೆ ಬರುವುದುಂಟು. ಭಾಲ್ಕಿ ತಾಲ್ಲೂಕಿನ ಖಟಕ ಚಿಂಚೋಳಿ ಭಾಗದ ಪರವಾನಗಿದಾರರಿಗೆ ಅಲ್ಲಿಯ ಪೊಲೀಸ್ ಠಾಣೆಯೇ ಹತ್ತಿರ. 2024ರ ಲೋಕಸಭಾ ಚುನಾವಣೆಯ ನೀತಿಸಂಹಿತೆ ಮಾರ್ಚ್ 16ರಿಂದ ಜೂನ್ 6ರವರೆಗೆ ಜಾರಿಯಲ್ಲಿತ್ತು. ಇಷ್ಟು ದಿನ ಮೂಲೆಯಲ್ಲಿ ನಿಂತ ಬಂದೂಕಿನ ಗತಿಯೇನು?

ಕಾರ್ತೂಸಿನ ಬಂದೂಕಿಗೆ ಅಷ್ಟು ಭಯವಿಲ್ಲ. ಆದರೆ ಬಾಯಿಯಿಂದ ಮದ್ದು ತುಂಬುವ ಒಂಟಿನಳಿಗೆಯ ಬಂದೂಕಿನ ಮಾತೇ ಬೇರೆ. ಅದರಲ್ಲಿ ಬಳಸುವ ಕರಿಮದ್ದು ಪೂರ್ತಿ ಉರಿದು ಹೋಗುವುದಿಲ್ಲ. ತೂಕದಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಹೊಗೆಯ ಕಣವಾಗಿ, ಮಸಿಯಾಗಿ ಉಳಿಯುತ್ತದೆ. ಈ ಮಸಿಯಲ್ಲಿರುವ ಲವಣಗಳು ಗಾಳಿಯ ತೇವವನ್ನು ಹೀರಿ ಕಬ್ಬಿಣವನ್ನು ತಿನ್ನುತ್ತವೆ. ಹೆಚ್ಚು ಪೆಟ್ಟು ಬೀಳುವುದು ಮದ್ದು ಸಿಡಿಯುವ ಹಿಂತುದಿಗೆ. ಕಣ್ಣಿಗೆ ಕಾಣದ ಜಾಗವೂ ಅದೇ.

ಎಣ್ಣೆ ಹಚ್ಚಿದರೆ ಸಾಕೆಂಬುದು ತಪ್ಪು ತಿಳಿವಳಿಕೆ. ಲವಣ ಕರಗುವುದು ನೀರಿನಲ್ಲಿ, ಎಣ್ಣೆಯಲ್ಲಲ್ಲ. ಮೊದಲು ಸಲಾಕೆ ಇಳಿಸಿ, ಅದು ತಳ ಮುಟ್ಟುವುದನ್ನು ಹೊರಗಿನಿಂದ ಅಳೆದು, ಒಳಗೆ ಮದ್ದಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಬಳಿಕ ಬಿಸಿನೀರಿನಲ್ಲಿ ಅದ್ದಿದ ಬಟ್ಟೆಯಿಂದ, ಅದು ಕಪ್ಪಾಗದೆ ಹೊರಬರುವವರೆಗೆ ಉಜ್ಜಬೇಕು. ಕೇಪು ಕೂರಿಸುವ ತುದಿಯ ರಂಧ್ರವನ್ನೂ ಮರೆಯಬಾರದು. ಪೂರ್ತಿ ಒಣಗಿದ ಮೇಲಷ್ಟೇ ತೆಳುವಾಗಿ ಎಣ್ಣೆ. ಬೀದರ್ ಕೋಟೆಯ ಬುರುಜುಗಳ ಮೇಲಿನ ತೋಪುಗಳಿಗೂ ಬಾಯಿಯಿಂದಲೇ ಮದ್ದು ತುಂಬುತ್ತಿದ್ದರು. ಆದರೆ ಆ ದಪ್ಪ ಕಬ್ಬಿಣ ತಾಳುವ ತುಕ್ಕನ್ನು ಹೆಗಲಿನ ಬಂದೂಕಿನ ತೆಳು ನಳಿಗೆ ತಾಳಲಾರದು. ತುಕ್ಕಿನ ಗುಳಿ ಆಳವಾದರೆ ನಳಿಗೆ ಸೀಳಿ, ಹಿಡಿದವರ ಕೈ, ಕಣ್ಣಿಗೇ ಅಪಾಯ.

ಕೆಟ್ಟ ಭಾಗವನ್ನು ಕತ್ತರಿಸಿ ಗಿಡ್ಡ ಮಾಡಿಸಿದರಾಯಿತು ಎನ್ನುವವರಿದ್ದಾರೆ. ಇದು ಶುದ್ಧ ಅಪರಾಧ. 1959ರ ಶಸ್ತ್ರಾಸ್ತ್ರ ಕಾಯ್ದೆಯ 6ನೇ ಕಲಮಿನಂತೆ, ಅದಕ್ಕೆಂದೇ ಪರವಾನಗಿ ಇಲ್ಲದೆ ನಳಿಗೆಯ ಉದ್ದ ಕಡಿಮೆ ಮಾಡುವಂತಿಲ್ಲ. 2019ರ ತಿದ್ದುಪಡಿಯ ನಂತರ ಇದಕ್ಕೆ ಕನಿಷ್ಠ 7 ವರ್ಷ ಸೆರೆವಾಸ, ಗರಿಷ್ಠ ಜೀವಾವಧಿ. ಊರ ಕುಲುಮೆಯಲ್ಲಿ, ಲೇತ್ ಅಂಗಡಿಯಲ್ಲಿ ದುರಸ್ತಿಯೂ ಸಲ್ಲದು. ಅದಕ್ಕೆ ಪರವಾನಗಿ ಪಡೆದ ಬಂದೂಕು ದುರಸ್ತಿದಾರರೇ ಬೇಕು.

ಠಾಣೆಯಿಂದ ಮರಳಿದ ಬಂದೂಕಿಗೆ ಕೂಡಲೇ ಮದ್ದು ತುಂಬದೆ, ಹಳೆಯ ಎಣ್ಣೆಯನ್ನು ಒಣಬಟ್ಟೆಯಿಂದ ತೆಗೆಯಬೇಕು. ಬಟ್ಟೆಗೆ ಕೆಂಪು ಹತ್ತಿದರೆ ದುರಸ್ತಿದಾರರಿಗೆ ತೋರಿಸುವವರೆಗೆ ಅದನ್ನು ಬಳಸಬಾರದು.